ತಲೆಗೆ ಟಿಕೆಟ್ಟೋ, ಗಾಡಿಗೆ ಬಾಡಿಗೆಯೋ: ಸೂಟಿಯ ದುಡ್ಡು ಎಲ್ಲಿ ಹಾಕಬೇಕು?

ಬ್ಯಾಸಗಿ ಸೂಟಿ ಬಿಟ್ಟ ಮೊದಲ ವಾರದಲ್ಲೇ ಭಂಕೂರ, ಶಹಾಬಾದ, ವಾಡಿ ಕಡೆಯ ಮನೆಗಳಲ್ಲಿ ಈ ಬೇಡಿಕೆ ಏಳುತ್ತದೆ: ‘ಪಪ್ಪಾ, ಈ ಸಲ ವಂಡರ್‌ಲಾಕ್ಕ ಕರ್ಕೊಂಡು ಹೋಗು.’ ಓಣಿಯ ಯಾರೋ ಹುಡುಗ ಹೋಗಿ ಬಂದಿರುತ್ತಾನೆ, ಅವನ ಮೊಬೈಲಿನಲ್ಲಿ ನೀರಿನ ಜಾರುಬಂಡೆಯ ವಿಡಿಯೊ ಇರುತ್ತದೆ. ಅದನ್ನು ನೋಡಿದ ಮೇಲೆ ಮಕ್ಕಳ ಬಾಯಲ್ಲಿ ಬೇರೆ ಊರಿನ ಹೆಸರು ಬರುವುದಿಲ್ಲ. ಅಪ್ಪ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ದುಡಿಯುವವನಿರಲಿ, ಪರ್ಸಿ ಖಣಿಯಲ್ಲಿ ಕೂಲಿಗೆ ಹೋಗುವವನಿರಲಿ, ತೊಗರಿ ಮಾರಿ ನಾಲ್ಕು ಕಾಸು ಕೂಡಿಸಿದ ರೈತನಿರಲಿ, ಕೇಳುವ ಪ್ರಶ್ನೆ ಒಂದೇ: ಅಷ್ಟು ದುಡ್ಡು ಹಾಕಿದರೆ ಅದರ ಬೆಲೆ ಬರುತ್ತದೆಯೇ? ಅದೇ ದುಡ್ಡಿಗೆ ಬೀದರೋ, ವಿಜಯಪುರವೋ ನೋಡಿ ಬಂದರೆ ಹೆಚ್ಚಾಗುವುದಿಲ್ಲವೇ?

ದುಡ್ಡಿನ ಬೆಲೆ ಬರುತ್ತದೆ ಎಂದೂ ಹೇಳಬಹುದು, ಬರುವುದಿಲ್ಲ ಎಂದೂ ಹೇಳಬಹುದು. ಯಾವ ಮನೆಗೆ ಬರುತ್ತದೆ, ಯಾವ ಮನೆಗೆ ಬರುವುದಿಲ್ಲ ಎಂಬುದನ್ನು ಹೊರಡುವ ಮೊದಲೇ ಲೆಕ್ಕ ಹಾಕಿ ತಿಳಿಯಬಹುದು. ಈ ಲೇಖನ ಆ ಲೆಕ್ಕಕ್ಕಾಗಿ.

ಮೊದಲು ದಾರಿಯ ಮಾತು. ನಮಗೆ ಬೆಂಗಳೂರಿಗಿಂತ ಹೈದರಾಬಾದ್ ಬಹಳ ಹತ್ತಿರ. ವಾಡಿ ಜಂಕ್ಷನ್ನಿನಿಂದ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು, ವಿಕಾರಾಬಾದ್ ಹಾಯ್ದು ಹೋಗುವ ರೈಲು ಹಾದಿಯನ್ನು ನಿಜಾಮರ ಕಾಲದಲ್ಲಿ, 1874ರಲ್ಲಿ ಹಾಕಿದ್ದು. ಇವತ್ತಿಗೂ ಆಸ್ಪತ್ರೆಗೆ, ಮದುವೆ ಬಟ್ಟೆಗೆ, ಕೆಲಸಕ್ಕೆ ನಮ್ಮವರು ಹತ್ತುವುದು ಅದೇ ಹಾದಿಯ ರೈಲು. ಹೈದರಾಬಾದಿನ ವಂಡರ್‌ಲಾ ಪಾರ್ಕ್ 2016ರ ಏಪ್ರಿಲ್‌ನಲ್ಲಿ ಶುರುವಾಯಿತು. ಹೊರವರ್ತುಲ ರಸ್ತೆಯ ಬದಿಯ ರಾವಿರ್ಯಾಲದಲ್ಲಿ ಅದು ಇದೆ. ಅದೇ ಕಂಪನಿಯ ಬೆಂಗಳೂರು ಪಾರ್ಕ್ ಬಿಡದಿಯಲ್ಲಿ 2005ರಿಂದಲೂ ಇದ್ದರೂ ನಮ್ಮ ಭಾಗದವರಿಗೆ ಅದು ದೂರದ ಮಾತೇ ಆಗಿತ್ತು. ಹೈದರಾಬಾದಿನಲ್ಲೇ 1996ರಿಂದ ರಾಮೋಜಿ ಫಿಲ್ಮ್ ಸಿಟಿ ಇದೆ, ಊರೊಳಗೆ ಸ್ನೋ ವರ್ಲ್ಡ್ ಇದೆ. ಹೀಗಾಗಿ ನಮ್ಮ ಕಡೆ ಥೀಮ್ ಪಾರ್ಕ್ ಎಂದರೆ ಹೈದರಾಬಾದ್ ಎಂದೇ ಅರ್ಥ.

ಈಗ ಲೆಕ್ಕದ ತಿರುಳು. ಪ್ರವಾಸದ ಖರ್ಚಿನಲ್ಲಿ ಎರಡು ಜಾತಿ. ಒಂದು ತಲೆ ಎಣಿಸಿ ಬೀಳುವ ಖರ್ಚು, ಇನ್ನೊಂದು ಗಾಡಿಗೋ ಖೋಲಿಗೋ ಒಟ್ಟಾಗಿ ಬೀಳುವ ಖರ್ಚು. ಕ್ರೂಸರ್ ಗಾಡಿ ಬಾಡಿಗೆಗೆ ಹಿಡಿದರೆ ಅದರಲ್ಲಿ ಆರು ಮಂದಿ ಕೂತರೂ ಅಷ್ಟೇ, ಹತ್ತು ಮಂದಿ ಕೂತರೂ ಅಷ್ಟೇ. ಮಂದಿ ಹೆಚ್ಚಾದಷ್ಟೂ ತಲೆಗೆ ಬೀಳುವುದು ಕಡಿಮೆ. ಪಾರ್ಕಿನ ಟಿಕೆಟ್ ಹಾಗಲ್ಲ. ಮಂದಿ ಹೆಚ್ಚಾದಷ್ಟೂ ಬಿಲ್ಲೂ ಅಷ್ಟೇ ಏರುತ್ತದೆ. ನಮ್ಮ ಮನೆಗಳಲ್ಲಿ ಪ್ರವಾಸಕ್ಕೆ ಗಂಡ, ಹೆಂಡತಿ, ಎರಡು ಮಕ್ಕಳು ಎಂದು ನಾಲ್ಕೇ ಮಂದಿ ಹೊರಡುವುದು ಅಪರೂಪ. ಅಜ್ಜಿ ಬರುತ್ತಾಳೆ, ಚಿಗವ್ವ ಬರುತ್ತಾಳೆ, ಸೋದರಮಾವನ ಮಕ್ಕಳು ಬರುತ್ತಾರೆ. ಥೀಮ್ ಪಾರ್ಕಿನ ದರಪಟ್ಟಿ ಸಣ್ಣ ಕುಟುಂಬಕ್ಕೆ ಹೊಂದುವಂಥದು, ಒಟ್ಟು ಕುಟುಂಬಕ್ಕೆ ಭಾರ. ಪಾರ್ಕ್ ದುಬಾರಿ ಅನ್ನಿಸುವುದಕ್ಕೆ ನಿಜವಾದ ಕಾರಣ ಟಿಕೆಟ್ಟಿನ ಮೊತ್ತಕ್ಕಿಂತ ಹೆಚ್ಚಾಗಿ ಇದು.

ನಮ್ಮದೇ ಜಾತ್ರೆಯನ್ನು ನೋಡಿ. ಹೋಳಿ ಹುಣ್ಣಿಮೆ ಮುಗಿದ ಐದನೇ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ಅದರ ಹಿಂದೆಯೇ ಬಯಲಿನಲ್ಲಿ ದೊಡ್ಡ ತೊಟ್ಟಿಲು, ತೂಗುವ ಹಡಗು, ಮೌತ್ ಕಾ ಕುಂವಾ ಎಲ್ಲ ನಿಲ್ಲುತ್ತವೆ. ಅಲ್ಲಿ ಆಟಕ್ಕೆ ಕೂತವನಷ್ಟೇ ದುಡ್ಡು ಕೊಡುತ್ತಾನೆ. ಅಜ್ಜಿ ಗುಡಿಗೆ ಹೋಗಿ ಕಾಯಿ ಒಡೆಸಿ, ಬೆಂಡು ಬತ್ತಾಸು ಕಟ್ಟಿಸಿಕೊಂಡು, ಮೊಮ್ಮಗ ತೊಟ್ಟಿಲು ತಿರುಗುವುದನ್ನು ಕೆಳಗೆ ನಿಂತು ನೋಡುತ್ತಾಳೆ. ಅವಳಿಗೆ ಒಂದು ರೂಪಾಯಿ ಖರ್ಚಿಲ್ಲ. ಪಾರ್ಕಿನಲ್ಲಿ ಒಳಗೆ ಕಾಲಿಟ್ಟವರೆಲ್ಲರೂ ಎಲ್ಲಾ ಆಟದ ದುಡ್ಡನ್ನೂ ಬಾಗಿಲಲ್ಲೇ ಕೊಟ್ಟಿರುತ್ತಾರೆ, ಆಡಲಿ ಬಿಡಲಿ. ಹೆಚ್ಚು ಆಡುವವನಿಗೆ ಇದು ಬಹಳ ಒಳ್ಳೆಯ ವ್ಯಾಪಾರ. ಆಡದವರಿಗೆ ಪೂರ್ತಿ ನಷ್ಟ.

ಐದು ಮಂದಿಯ ಲೆಕ್ಕ

ಅಂಕಿ ಇಟ್ಟು ನೋಡೋಣ. ಗಂಡ, ಹೆಂಡತಿ, ಅಜ್ಜಿ, 13 ವರ್ಷದ ಮಗಳು, 7 ವರ್ಷದ ಮಗ. ಪಾರ್ಕಿನ ಟಿಕೆಟ್ ದಿನ ನೋಡಿ ಏರಿಳಿಯುತ್ತದೆ, ಆದ್ದರಿಂದ ಕೆಳಗಿನವು ಅಂದಾಜು ಮಾತ್ರ. ಹೊರಡುವ ವಾರ ಕಂಪನಿಯ ಆ್ಯಪ್‌ನಲ್ಲಿ ನೋಡಿ ನಿಮ್ಮ ಅಂಕಿ ಹಾಕಿಕೊಳ್ಳಿ. ದೊಡ್ಡವರಿಗೆ 1,300, ಮಕ್ಕಳಿಗೆ 1,050 ರೂಪಾಯಿ ಎಂದು ಹಿಡಿಯೋಣ. ಮಗಳ ಎತ್ತರ 140 ಸೆಂಟಿಮೀಟರ್ ದಾಟಿದ್ದರೆ ಅವಳಿಗೂ ದೊಡ್ಡವರ ಟಿಕೆಟ್ಟೇ. ಅಲ್ಲಿಗೆ ಬಾಗಿಲಿನಲ್ಲಿ 6,250. ಹೊರಗಿನ ಊಟ ಒಳಗೆ ಬಿಡುವುದಿಲ್ಲವಾದ್ದರಿಂದ ಊಟ, ನೀರು, ಐಸ್‌ಕ್ರೀಮಿಗೆ 1,500. ನೀರಿನ ಬಟ್ಟೆ, ಲಾಕರ್‌ಗೆ 800. ಸ್ಲೀಪರ್ ಟಿಕೆಟ್ ತಲೆಗೆ ಇನ್ನೂರರ ಆಸುಪಾಸು ಎಂದು ಹಿಡಿದರೆ ಹೋಗಿ ಬರಲು 2,000. ಸ್ಟೇಷನ್ನಿನಿಂದ ಪಾರ್ಕಿಗೆ ಸುಮಾರು ಮೂವತ್ತು ಕಿಲೊಮೀಟರ್. ಕ್ಯಾಬ್‌ಗೆ ಎರಡೂ ಹೊತ್ತು ಸೇರಿ 1,800. ಒಂದು ರಾತ್ರಿಯ ಲಾಡ್ಜ್ 2,000, ಉಳಿದ ಊಟ ತಿಂಡಿ 1,500. ಒಟ್ಟು 15,850. ಕೈಯಲ್ಲಿ ಹದಿನಾರು ಸಾವಿರ ಇಟ್ಟುಕೊಂಡೇ ಹೊರಡಬೇಕು.

ಈಗ ಆ ದಿನ ಯಾರು ಎಷ್ಟು ಹೊತ್ತು ನಿಜವಾಗಿ ಖುಷಿಪಟ್ಟರು ಎಂದು ಎಣಿಸಿ. ಪಾರ್ಕ್ ತೆರೆಯುವುದು ಬೆಳಿಗ್ಗೆ 11ರ ಸುಮಾರಿಗೆ, ಮುಚ್ಚುವುದು ಸಂಜೆಗೆ. ಕೈಗೆ ಸಿಗುವುದು ಏಳು ತಾಸು. ಮಗಳು ಆರು ತಾಸು ಆಡುತ್ತಾಳೆ. ಮಗನಿಗೆ ದೊಡ್ಡ ಆಟಗಳಿಗೆ ಎತ್ತರ ಸಾಲದು, ನಾಲ್ಕು ತಾಸು. ಅಪ್ಪ ಮಗನ ಜೊತೆಗೆ ಮೂರು ತಾಸು. ಅವ್ವ ಅಲೆಯ ಕೊಳದಲ್ಲಿ ಎರಡು ತಾಸು. ಅಜ್ಜಿ ಚೀಲ ಕಾಯುತ್ತಾ ನೆರಳಲ್ಲಿ ಕೂತಿರುತ್ತಾಳೆ. ಒಟ್ಟು ಹದಿನೈದು ತಾಸಿನ ಖುಷಿಗೆ ಹದಿನಾರು ಸಾವಿರ, ಅಂದರೆ ತಾಸಿಗೆ ಸಾವಿರ ರೂಪಾಯಿಗೂ ಮೇಲೆ.

ಅದೇ ಐದು ಮಂದಿ ಬೀದರಿಗೆ ಹೋದರೆ? ಇಲ್ಲಿ ಶಕ್ತಿ ಯೋಜನೆ ಕೈ ಹಿಡಿಯುತ್ತದೆ. 2023ರ ಜೂನ್ 11ರಿಂದ ರಾಜ್ಯದೊಳಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಅಜ್ಜಿ, ಅವ್ವ, ಮಗಳು ಮೂವರೂ ಪುಕ್ಕಟೆ. ಅಪ್ಪನಿಗೆ ಒಂದು, ಮಗನಿಗೆ ಅರ್ಧ ಟಿಕೆಟ್. ಹೋಗಿ ಬರಲು ಏಳುನೂರು ರೂಪಾಯಿ ಹಿಡಿಯೋಣ. ಊರೊಳಗೆ ಆಟೊ ಬಾಡಿಗೆ 1,500, ಲಾಡ್ಜ್ 2,000, ಎರಡು ದಿನದ ಊಟ 3,000, ಸಣ್ಣಪುಟ್ಟ ಪ್ರವೇಶ ಶುಲ್ಕ 300. ಏಳೂವರೆ ಸಾವಿರ. ಎರಡು ದಿನ, ಐದೂ ಮಂದಿ ದಿನಕ್ಕೆ ಐದು ತಾಸು ತಿರುಗಾಡಿದರೆ ಐವತ್ತು ತಾಸು. ತಾಸಿಗೆ ನೂರೈವತ್ತು ರೂಪಾಯಿ. ಹೈದರಾಬಾದಿಗೆ ಹೋಗುವ ಅಂತರರಾಜ್ಯ ಬಸ್ಸಿಗೆ ಶಕ್ತಿ ನಡೆಯುವುದಿಲ್ಲ, ತೆಲಂಗಾಣದ ಮಹಾಲಕ್ಷ್ಮಿ ಉಚಿತ ಪ್ರಯಾಣ ಅಲ್ಲಿನ ಹೆಣ್ಣುಮಕ್ಕಳಿಗಷ್ಟೇ. ಹಾಗಾಗಿ ಗಡಿ ದಾಟಿದ ಕೂಡಲೇ ನಮ್ಮ ಅವ್ವಂದಿರ ಟಿಕೆಟ್ ಮತ್ತೆ ಲೆಕ್ಕಕ್ಕೆ ಬರುತ್ತದೆ.

ಇಷ್ಟು ಹೇಳಿ ಪಾರ್ಕ್ ಬೇಡ ಎಂದು ತೀರ್ಪು ಕೊಟ್ಟರೆ ಅದು ಅನ್ಯಾಯ. ಹದಿಮೂರರ ಹುಡುಗಿಗೆ ರೋಲರ್ ಕೋಸ್ಟರ್ ಮೇಲಿನ ಒಂದು ನಿಮಿಷವೂ ಕೋಟೆಯ ಒಂದು ನಿಮಿಷವೂ ಒಂದೇ ತೂಕದ್ದಲ್ಲ. ವಂಡರ್‌ಲಾದ ರಿಕಾಯಿಲ್ ಎಂಬ ಕೋಸ್ಟರ್ ಮುಂದೆ ಹೋಗಿ ತಲೆಕೆಳಗಾಗಿ ಸುತ್ತಿ, ಅದೇ ಹಳಿಯ ಮೇಲೆ ಹಿಂದಕ್ಕೂ ಬರುತ್ತದೆ. ಅದರಿಂದ ಇಳಿದು ಬಂದ ಮಕ್ಕಳ ಮುಖ ನೋಡಿದವರಿಗೆ ದುಡ್ಡು ದಂಡವಾಯಿತು ಅನ್ನಿಸುವುದಿಲ್ಲ. ಆ ವಯಸ್ಸು ಒಂದೇ ಸಲ ಬರುವುದು. ಆದ್ದರಿಂದ ನನ್ನ ಸಲಹೆ: ಪಾರ್ಕಿಗೆ ಹೋಗಿ, ಆದರೆ ಆಡುವವರಷ್ಟೇ ಹೋಗಿ. ಅಣ್ಣ ತಮ್ಮಂದಿರ ಮನೆಯ 12 ದಾಟಿದ ಮಕ್ಕಳಲ್ಲಿ ನಾಲ್ವರನ್ನು ಕೂಡಿಸಿ, ಜೊತೆಗೆ ಆಟ ಇಷ್ಟಪಡುವ ಒಬ್ಬ ಕಾಕಾನನ್ನೋ ಅತ್ತಿಯನ್ನೋ ಕಳಿಸಿ. ಖರ್ಚು ಹೆಚ್ಚುಕಡಿಮೆ ಅದೇ ಹದಿನೈದು ಸಾವಿರ, ಆದರೆ ಐವರೂ ಆರು ತಾಸು ಆಡಿದರೆ ಮೂವತ್ತು ತಾಸು. ತಾಸಿನ ದರ ಅರ್ಧಕ್ಕೆ ಇಳಿಯಿತು. ಅಜ್ಜಿ, ಅವ್ವ, ಸಣ್ಣ ಮಗನ ಪ್ರವಾಸಕ್ಕೆ ಬೇರೆ ದಿನ, ಬೇರೆ ಊರು.

ಅವ್ವನ ಮಾತನ್ನು ಸ್ವಲ್ಪ ನಿಂತು ಹೇಳಬೇಕು. ನೀರಿನ ಆಟಕ್ಕೆ ಸೀರೆಯಲ್ಲೋ ಹತ್ತಿಯ ಚೂಡಿದಾರಿನಲ್ಲೋ ಬಿಡುವುದಿಲ್ಲ, ನೈಲಾನ್ ಇಲ್ಲವೇ ಲೈಕ್ರಾ ಬಟ್ಟೆಯೇ ಬೇಕು. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳಿಗೆ ಹಾಗೆ ನಾಲ್ಕು ಜನರೆದುರು ಓಡಾಡಲು ಸಂಕೋಚ. ಅವರು ಪೂರ್ತಿ ಟಿಕೆಟ್ ಕೊಟ್ಟು, ಮನೆಮಂದಿಯ ಚಪ್ಪಲಿ, ಮೊಬೈಲು, ಟವೆಲ್ಲು ಕಾಯುತ್ತಾ ದಿನ ಕಳೆಯುತ್ತಾರೆ. ವರ್ಷಪೂರ್ತಿ ಮನೆಯಲ್ಲಿ ದುಡಿದವಳಿಗೆ ವರ್ಷಕ್ಕೊಂದೇ ಪ್ರವಾಸ ಸಿಗುವುದಾದರೆ, ಅದು ಚೀಲ ಕಾಯುವ ಪ್ರವಾಸ ಆಗಬಾರದು. ಹೊರಡುವ ಮುಂಚೆ ಅವಳನ್ನೇ ಕೇಳಿ. ನೀರಿಗೆ ಇಳಿಯುವ ಆಸೆ ಅವಳಿಗಿದ್ದರೆ ಮುಂಚೆಯೇ ಉದ್ದ ತೋಳಿನ, ಮೊಣಕಾಲು ಮುಚ್ಚುವ ನೈಲಾನ್ ಬಟ್ಟೆ ಕೊಡಿಸಿ. ಅದು ಕಲಬುರಗಿಯ ಅಂಗಡಿಗಳಲ್ಲೂ ಸಿಗುತ್ತದೆ. ಆಸೆ ಇಲ್ಲದಿದ್ದರೆ ಬಲವಂತ ಮಾಡಬೇಡಿ.

ಹೋಗುವುದೇ ಖಾತ್ರಿಯಾದರೆ

ದಿನ ಆರಿಸುವುದರಲ್ಲೇ ಅರ್ಧ ಬೆಲೆ ಇದೆ. ಭಾನುವಾರ, ಹಬ್ಬದ ರಜೆ, ಮೇ ತಿಂಗಳ ಶನಿವಾರಗಳಲ್ಲಿ ಟಿಕೆಟ್ ದರವೂ ಹೆಚ್ಚು, ಸರದಿಯೂ ಉದ್ದ. ಒಂದೊಂದು ದೊಡ್ಡ ಆಟಕ್ಕೆ ಮುಕ್ಕಾಲು ತಾಸು ನಿಂತರೆ ಇಡೀ ದಿನಕ್ಕೆ ಏಳೆಂಟು ಆಟವೂ ಕಷ್ಟ. ವಾರದ ನಡುವೆ, ಸೂಟಿ ಇಲ್ಲದ ದಿನ ಹೋದರೆ ಅದೇ ಟಿಕೆಟ್ಟಿಗೆ ದುಪ್ಪಟ್ಟು ಆಡಬಹುದು. ಎಲ್ಲಾ ಆಟದ ದುಡ್ಡನ್ನು ಮೊದಲೇ ಕೊಟ್ಟಿರುವುದರಿಂದ ಸರದಿಯಲ್ಲಿ ನಿಂತ ಪ್ರತಿ ನಿಮಿಷವೂ ನಿಮ್ಮ ದುಡ್ಡೇ. ತೆಲಂಗಾಣದ ಶಾಲೆಗಳಿಗೂ ನಮ್ಮ ಶಾಲೆಗಳಿಗೂ ಸೂಟಿಯ ತಾರೀಖು ಪೂರ್ತಿ ಒಂದೇ ಇರುವುದಿಲ್ಲ. ನಮಗೆ ರಜೆ ಇದ್ದು ಅವರಿಗೆ ಇಲ್ಲದ ನಾಲ್ಕೈದು ದಿನ ಹುಡುಕಿಕೊಳ್ಳಿ, ಅದೇ ಚಿನ್ನದಂಥ ವಾರ. ಸಂಕ್ರಾಂತಿ, ದಸರೆಯ ಹೊತ್ತಿನಲ್ಲಿ ಮಾತ್ರ ಆ ಕಡೆ ಸುಳಿಯಬೇಡಿ.

ಸರದಿ ತಪ್ಪಿಸುವ ‘ಫಾಸ್ಟ್‌ಟ್ರ್ಯಾಕ್’ ಟಿಕೆಟ್ಟಿಗೆ ಮಾಮೂಲಿಗಿಂತ ಬಹಳ ಹೆಚ್ಚು ಕೊಡಬೇಕು. ವಾರದ ನಡುವಿನ ದಿನ ಅದು ಬೇಕಿಲ್ಲ. ರಜೆಯ ದಿನವೇ ಹೋಗುವುದು ಅನಿವಾರ್ಯವಾದರೆ ಎಲ್ಲರಿಗೂ ಬೇಡ, ದೊಡ್ಡ ಆಟ ಆಡುವ ಮಕ್ಕಳಿಗಷ್ಟೇ ಸಾಕು.

ಎತ್ತರದ ನಿಯಮವನ್ನು ಮನೆಯಲ್ಲೇ ನೋಡಿಕೊಂಡು ಹೊರಡಿ. ಇಲ್ಲಿ ಟಿಕೆಟ್ ವಯಸ್ಸು ನೋಡಿ ಅಲ್ಲ, ಎತ್ತರ ನೋಡಿ. ಬಾಗಿಲ ಬಳಿಯ ಅಳತೆ ಕಂಬಕ್ಕೆ ಮಗುವನ್ನು ಚಪ್ಪಲಿ ಬಿಡಿಸಿ ನಿಲ್ಲಿಸುತ್ತಾರೆ. ತೀರಾ ಸಣ್ಣ ಮಕ್ಕಳಿಗೆ ಟಿಕೆಟ್ ಇಲ್ಲ, 140 ಸೆಂಟಿಮೀಟರ್ ದಾಟಿದರೆ ದೊಡ್ಡವರ ದರ. ಅದೇ ಗೆರೆ ದೊಡ್ಡ ಆಟಗಳಿಗೂ ಬಾಗಿಲು. ಗೋಡೆಗೆ ಮಗುವನ್ನು ನಿಲ್ಲಿಸಿ ಪೆನ್ಸಿಲ್ ಗೀಟು ಎಳೆದು ಟೇಪು ಹಿಡಿಯಿರಿ. 125–135 ಸೆಂಟಿಮೀಟರ್ ಇದ್ದರೆ ಒಂದೆರಡು ವರ್ಷ ತಡೆಯುವುದು ಮೇಲು. ಈಗ ಹೋದರೆ ಮಗು ದೊಡ್ಡ ಆಟದ ಬಾಗಿಲವರೆಗೆ ಹೋಗಿ ಅಳುತ್ತಾ ವಾಪಸ್ ಬರುತ್ತದೆ. ಅಮೆರಿಕದಲ್ಲಿ ಮಗನೋ ಮಗಳೋ ಇರುವ ನಮ್ಮ ಕಡೆಯ ತಂದೆತಾಯಿಗಳು ಒರ್ಲಾಂಡೊದ ಡಿಸ್ನಿಗೆ ಹೋಗುವುದೂ ಈಗ ಅಪರೂಪವಲ್ಲ. ಅಲ್ಲಿ ನಿಯಮ ಬೇರೆ: ಮೂರು ವರ್ಷ ತುಂಬಿದರೆ ಟಿಕೆಟ್, ಹತ್ತು ತುಂಬಿದರೆ ದೊಡ್ಡವರ ಟಿಕೆಟ್, ಅದೂ ದಿನಕ್ಕೆ ನೂರು ಡಾಲರಿಗೆ ಮೇಲೆ. ತಲೆ ಎಣಿಸುವ ಲೆಕ್ಕ ಮಾತ್ರ ಅಲ್ಲೂ ಇದೇ. ನಾಲ್ಕು ದಿನ ಡಿಸ್ನಿ ಎಂದು ಮಗ ಹೇಳಿದರೆ, ಮೊಮ್ಮಕ್ಕಳ ಜೊತೆ ಒಂದು ದಿನ ಹೋಗಿ, ಉಳಿದ ಮೂರು ದಿನ ಮನೆಯಲ್ಲೇ ಅವರಿಗೆ ರೊಟ್ಟಿ ಬಡಿಯುವುದನ್ನು ಕಲಿಸಿ ಎಂದು ನಾನು ಹೇಳುತ್ತೇನೆ.

ರಿಯಾಯಿತಿ ಕೇಳಲು ನಾಚಿಕೆ ಬೇಡ. ಕಾಲೇಜಿನ ಗುರುತಿನ ಚೀಟಿ ಇದ್ದವರಿಗೆ, ಹಿರಿಯ ನಾಗರಿಕರಿಗೆ, ಮುಂಗಡವಾಗಿ ಆನ್‌ಲೈನ್‌ನಲ್ಲಿ ತೆಗೆದವರಿಗೆ ಆಗಾಗ ದರ ಇಳಿಸುತ್ತಾರೆ. ಟಿಕೆಟ್ಟಿನಲ್ಲಿ ಶೇಕಡಾ 18 ಜಿಎಸ್‌ಟಿ ಸೇರಿದೆ. 2018ರ ಜನವರಿಗೆ ಮೊದಲು ಅದು ಶೇಕಡಾ 28 ಇತ್ತು. ದರ ನೋಡುವಾಗ ತೆರಿಗೆ ಸೇರಿಸಿದ ಮೊತ್ತವೇ ಎಂದು ಖಾತ್ರಿ ಮಾಡಿಕೊಳ್ಳಿ, ಇಲ್ಲವಾದರೆ ಸಾವಿರ ಎಂದುಕೊಂಡದ್ದು ಸಾವಿರದ ನೂರೆಂಬತ್ತು ಆಗುತ್ತದೆ.

ಮಧ್ಯಾಹ್ನ ಮುಟ್ಟುವ ರೈಲಿನಲ್ಲಿ ಹೋಗಿ ಅವತ್ತೇ ಪಾರ್ಕಿಗೆ ಓಡುವುದು ದುಡ್ಡನ್ನು ನೀರಿಗೆ ಹಾಕಿದಂತೆ. ಹಿಂದಿನ ದಿನವೇ ಹೋಗಿ ರಾತ್ರಿ ತಂಗಿ. ಸ್ವಂತ ಇಲ್ಲವೇ ಬಾಡಿಗೆ ಗಾಡಿಯಲ್ಲಿ ಹೋಗುವವರಿಗೆ ಒಂದು ಅನುಕೂಲ ಇದೆ: ಸೇಡಂ, ಕೊಡಂಗಲ್, ಪರಿಗಿ, ಚೇವೆಳ್ಳ ಮೇಲೆ ಬಂದರೆ ಊರೊಳಗೆ ಹೋಗದೆಯೇ ಹೊರವರ್ತುಲ ರಸ್ತೆ ಹತ್ತಿ ನೇರ ರಾವಿರ್ಯಾಲದ ಕಡೆಗೆ ತಿರುಗಬಹುದು. ಬುತ್ತಿ ಪಾರ್ಕಿನೊಳಗೆ ಬಿಡದಿದ್ದರೂ ಗಾಡಿಯಲ್ಲಿ ಇಟ್ಟುಕೊಳ್ಳಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಇದ್ದರೆ ಬೆಳಗಿನ ತಿಂಡಿಯೂ ರಾತ್ರಿಯ ಊಟವೂ ಮುಗಿದವು. ಒಳಗೆ ಕೊಳ್ಳುವುದು ಮಧ್ಯಾಹ್ನದ್ದು ಮಾತ್ರ. ರೈಲಿನಲ್ಲಿ 5 ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ. 5ರಿಂದ 12ರವರೆಗಿನವರಿಗೆ ಬೇರೆ ಬರ್ತ್ ಕೇಳದಿದ್ದರೆ ಅರ್ಧ, ಕೇಳಿದರೆ ಪೂರ್ತಿ ದರ. ಮೂರು ನಾಲ್ಕು ತಾಸಿನ ಹಗಲು ಪ್ರಯಾಣಕ್ಕೆ ಮಗುವಿಗೆ ಬರ್ತ್ ಯಾಕೆ?

ವಂಡರ್‌ಲಾ ಬೇಡ, ಹಿರಿಯರೂ ಜೊತೆಗೆ ಬರಬೇಕು ಅನ್ನುವವರಿಗೆ ರಾಮೋಜಿ ಫಿಲ್ಮ್ ಸಿಟಿ ಮೇಲು. ಜಗತ್ತಿನಲ್ಲೇ ದೊಡ್ಡ ಸ್ಟುಡಿಯೊ ಎಂದು ಗಿನ್ನೆಸ್ ದಾಖಲೆ ಪಡೆದ ಜಾಗ ಅದು. ಬಸ್ಸಿನಲ್ಲಿ ಕೂರಿಸಿಕೊಂಡು ಸೆಟ್ಟುಗಳನ್ನು ತೋರಿಸುತ್ತಾರೆ, ನಡುನಡುವೆ ಕೂತು ನೋಡುವ ಆಟಗಳಿವೆ. ‘ಬಾಹುಬಲಿ’ಯ ಸೆಟ್ ನೋಡಿದ ಅಜ್ಜಿ ಮೊಮ್ಮಗನಷ್ಟೇ ಖುಷಿಪಡುತ್ತಾಳೆ. ಟಿಕೆಟ್ ಅಗ್ಗವಲ್ಲ, ಊರಿನ ಆಚೆ ತುದಿ ಬೇರೆ, ವಿಜಯವಾಡ ರಸ್ತೆಯಲ್ಲಿದೆ. ಆದರೆ ಚೀಲ ಕಾಯುವವರಿಲ್ಲದ ಪ್ರವಾಸ ಅದು. ಸ್ನೋ ವರ್ಲ್ಡ್ ಒಂದೆರಡು ತಾಸಿನ ಆಟ. ಮೇ ತಿಂಗಳ ನಮ್ಮ ಬಿಸಿಲಿನಿಂದ ಹೋದವರಿಗೆ ಚಳಿ ಹಿತ ಅನ್ನಿಸಿದರೂ ಅದೊಂದಕ್ಕೇ ಹೈದರಾಬಾದಿನವರೆಗೆ ಹೋಗುವುದು ಬೇಡ.

ಹೈದರಾಬಾದಿನ ಪ್ರಯಾಣದ ಖರ್ಚು ಹೇಗೂ ಬಿದ್ದಿದೆ, ಅದನ್ನು ಒಂದೇ ದಿನದ ಮೇಲೆ ಹೇರಬೇಡಿ. ಇನ್ನೊಂದು ದಿನ ಉಳಿದರೆ ಲೆಕ್ಕವೇ ಬದಲಾಗುತ್ತದೆ. ಗೋಲ್ಕೊಂಡದ ಫತೇ ದರ್ವಾಜಾ ಕೆಳಗೆ ನಿಂತು ಚಪ್ಪಾಳೆ ತಟ್ಟಿದರೆ ಮೇಲಿನ ಬಾಲಾ ಹಿಸಾರಿನಲ್ಲಿ ಕೇಳುತ್ತದೆ. ಇಬ್ಬರು ಮಕ್ಕಳನ್ನು ಮೇಲೆ, ಇಬ್ಬರನ್ನು ಕೆಳಗೆ ನಿಲ್ಲಿಸಿ ನೋಡಿ, ಒಂದು ತಾಸು ಅವರು ಅಲ್ಲಿಂದ ಕದಲುವುದಿಲ್ಲ. ಪುರಾತತ್ವ ಇಲಾಖೆಯ ಕೋಟೆಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ, ದೊಡ್ಡವರಿಗೂ ಒಂದು ಚಹಾ ಬಿಸ್ಕೀಟಿನ ದುಡ್ಡು. ಸಾಲಾರ್ ಜಂಗ್ ಮ್ಯೂಸಿಯಮ್ಮಿನ ಗಡಿಯಾರದೊಳಗಿಂದ ಸಣ್ಣ ಬೊಂಬೆ ಹೊರಬಂದು ಗಂಟೆ ಬಾರಿಸುವುದನ್ನು ನೋಡಲು ತಾಸು ತಾಸಿಗೂ ಜನ ಬೆಂಚಿನ ಮೇಲೆ ಕೂತಿರುತ್ತಾರೆ. ಮ್ಯೂಸಿಯಂ ಶುಕ್ರವಾರ ಮುಚ್ಚಿರುತ್ತದೆ, ನೆಹರೂ ಪ್ರಾಣಿ ಸಂಗ್ರಹಾಲಯ ಸೋಮವಾರ. ಹಾಗಾಗಿ ಮಂಗಳವಾರ ಪಾರ್ಕು, ಬುಧವಾರ ಊರು ಎಂದು ಇಟ್ಟುಕೊಂಡರೆ ಎಲ್ಲವೂ ತೆರೆದಿರುತ್ತವೆ.

ಮನೆಯ ಹತ್ತಿರದ ಒಂದು ದಿನ

ನಮ್ಮ ಮಕ್ಕಳು ವಂಡರ್‌ಲಾ ನೋಡಿದ್ದಾರೆ, ಸನ್ನತಿ ನೋಡಿಲ್ಲ. ಇದು ನನ್ನನ್ನು ಬಹಳ ಕಾಡುವ ಸಂಗತಿ. ಭಂಕೂರಿನಿಂದ ಒಂದೇ ದಿನದಲ್ಲಿ ಕ್ರೂಸರ್ ಗಾಡಿಯಲ್ಲಿ ಮೂರು ಊರು ಸುತ್ತಿ ಬರಬಹುದು: ಚಿತ್ತಾಪುರದ ಪಕ್ಕದ ನಾಗಾವಿ, ಸೇಡಂ ದಾರಿಯ ಮಳಖೇಡ, ಭೀಮಾ ದಂಡೆಯ ಸನ್ನತಿ. ಗಾಡಿ, ಡೀಸೆಲ್ ಸೇರಿ ಐದು ಸಾವಿರ ಹಿಡಿದರೂ ಹತ್ತು ಮಂದಿಗೆ ತಲೆಗೆ ಐನೂರು. ಊಟ ಬುತ್ತಿಯದೇ.

ಸನ್ನತಿಯಲ್ಲಿ ಚಂದ್ರಲಾಂಬೆಯ ಗುಡಿ ಎಲ್ಲರಿಗೂ ಗೊತ್ತು, ಅಜ್ಜಿಯ ಹರಕೆಯೂ ಅಲ್ಲೇ ತೀರುತ್ತದೆ. ಅದೇ ಆವರಣದ ಕಾಳಿಕಾ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ಅವಶೇಷ ತೆಗೆಯುವಾಗ ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮೀ ಅಕ್ಷರ ಕಂಡವು, ಅದು ಅಶೋಕನ ಶಾಸನ! ಮೂರ್ತಿ ಕೂರಿಸಲು ಹಿಂದೆ ಯಾರೋ ಶಾಸನದ ನಡುವೆಯೇ ಚೌಕವಾಗಿ ತೂತು ಕೊರೆದಿದ್ದರು. ಹತ್ತಿರದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ ಅಗೆದಾಗ ದೊಡ್ಡ ಬೌದ್ಧ ಸ್ತೂಪದ ಜೊತೆಗೆ ರಾಜ, ರಾಣಿ, ದಾಸಿಯರಿರುವ ಒಂದು ಶಿಲ್ಪ ಸಿಕ್ಕಿತು. ಅದರ ಮೇಲೆ ‘ರಾಯೋ ಅಸೋಕೋ’ ಎಂದು ಬರೆದಿದೆ. ಪುಸ್ತಕದಲ್ಲಿ ಓದಿದ ಅಶೋಕನ ಹೆಸರು ಕೆತ್ತಿದ ಶಿಲ್ಪ ನಮ್ಮ ಜಿಲ್ಲೆಯ ಕಲ್ಲಿನಲ್ಲಿ, ಅದೂ ನಮ್ಮ ಪರ್ಸಿಯ ಸುಣ್ಣಕಲ್ಲಿನಲ್ಲಿ ಸಿಕ್ಕಿತು ಎಂದರೆ ಏಳನೇ ಇಯತ್ತೆಯ ಹುಡುಗನಿಗೆ ಇತಿಹಾಸದ ಪಾಠ ಬೇರೆಯೇ ಆಗುತ್ತದೆ. ಅಲ್ಲಿ ನೆರಳು ಕಡಿಮೆ, ಹೋಟೆಲ್ ಇಲ್ಲ. ನೀರಿನ ಕ್ಯಾನು, ತಲೆಗೆ ಟವೆಲ್ಲು, ಬುತ್ತಿ ಬೇಕೇ ಬೇಕು. ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗಿ. ಏಪ್ರಿಲ್ ಮೇ ಬಿಸಿಲಲ್ಲಿ ಮಕ್ಕಳನ್ನು ಒಯ್ಯಬೇಡಿ.

ನಾಗಾವಿಯಲ್ಲಿ ಅರವತ್ತು ಕಂಬದ ಗುಡಿ ಇದೆ, ಯಲ್ಲಮ್ಮನ ಗುಡಿ ಇದೆ. ಚಾಳುಕ್ಯರ ಕಾಲದ, 1058ರ ಶಾಸನ ಅಲ್ಲಿದ್ದ ಘಟಿಕಾಸ್ಥಾನದ ವಿವರ ಹೇಳುತ್ತದೆ: ವೇದ ಓದುವ 200 ಮಂದಿ, ಶಾಸ್ತ್ರ ಓದುವ ಐವತ್ತರಷ್ಟು ಮಂದಿ ವಿದ್ಯಾರ್ಥಿಗಳು, ಅವರಿಗೆ ಗುರುಗಳು, ಪುಸ್ತಕ ನೋಡಿಕೊಳ್ಳಲೆಂದೇ ಆರು ಮಂದಿ ಸರಸ್ವತಿ ಭಂಡಾರಿಗಳು. ಸಾವಿರ ವರ್ಷದ ಹಿಂದೆ ಚಿತ್ತಾಪುರದ ಮಗ್ಗುಲಲ್ಲಿ ಒಂದು ಕಾಲೇಜು, ಅದಕ್ಕೊಂದು ಗ್ರಂಥಾಲಯ. ಕಾಲೇಜಿಗೆ ಹೋಗುವ ಮಗಳಿದ್ದರೆ ಅವಳನ್ನು ಇಲ್ಲಿಗೆ ತಪ್ಪದೆ ಕರೆತನ್ನಿ. ಮಳಖೇಡ ರಾಷ್ಟ್ರಕೂಟರ ರಾಜಧಾನಿ, ಅಮೋಘವರ್ಷನ ಮಾನ್ಯಖೇಟ. ಕಾಗಿಣಾ ದಂಡೆಯ ಕೋಟೆ, ನೇಮಿನಾಥ ಬಸದಿ, ಉತ್ತರಾದಿ ಮಠ ನೋಡಲು ಎರಡು ತಾಸು ಸಾಕು.

ಮಕ್ಕಳಿಗೆ ನೀರೇ ಬೇಕು ಎಂದರೆ ಬೀದರಿನ ಝರಣಿ ನರಸಿಂಹಕ್ಕೆ ಒಯ್ಯಿರಿ. ಸುರಂಗದೊಳಗೆ ಎದೆಮಟ್ಟದ ನೀರಿನಲ್ಲಿ ನಡೆದು ಹೋಗಿ ದೇವರನ್ನು ನೋಡಬೇಕು. ಸಣ್ಣವರು ಅಪ್ಪನ ಹೆಗಲ ಮೇಲೆ, ಅಜ್ಜಿ ಸೊಸೆಯ ಕೈ ಹಿಡಿದುಕೊಂಡು, ಎಲ್ಲರೂ ಉಟ್ಟ ಬಟ್ಟೆಯಲ್ಲೇ. ನೀರಿಗೆ ಇಳಿದ ಮೇಲೆ ಅಲ್ಲಿ ಯಾರೂ ಹೊರಗೆ ಉಳಿಯುವುದಿಲ್ಲ. ಉಸಿರಾಟದ ತೊಂದರೆ, ಹೃದಯದ ಕಾಯಿಲೆ ಇದ್ದವರು ಮಾತ್ರ ಒಳಗೆ ಹೋಗಬಾರದು. ಗವಿ ಆಗಾಗ ಮುಚ್ಚಿರುತ್ತದಾದ್ದರಿಂದ ಹೋಗುವ ಮುಂಚೆ ಬೀದರಿನ ಯಾರಿಗಾದರೂ ಫೋನ್ ಹಚ್ಚಿ ಕೇಳಿ. ಊರಲ್ಲಿ ಕೋಟೆ, 1472ರ ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಬಹಮನಿ ಗುಂಬಜ್‌ಗಳು ಇವೆ. ಬಿದರಿ ಕೆಲಸದವರ ಅಂಗಡಿಯಲ್ಲಿ ಸ್ವಲ್ಪ ಕೂತು ನೋಡಿ: ಕೋಟೆಯ ಮಣ್ಣು ಕಲಸಿದ ದ್ರಾವಣ ಹಚ್ಚಿದಾಗ ಪಾತ್ರೆ ಕಪ್ಪಾಗುತ್ತದೆ, ಅದರೊಳಗಿನ ಬೆಳ್ಳಿ ಎಳೆ ಮಾತ್ರ ಬಿಳಿಯಾಗಿಯೇ ಹೊಳೆಯುತ್ತದೆ. 2017ರ ಅಕ್ಟೋಬರಿನಿಂದ ಕಲಬುರಗಿ–ಬೀದರ ರೈಲು ಹಾದಿಯೂ ಇದೆ, ಆದರೆ ಹೆಣ್ಣುಮಕ್ಕಳು ಹೆಚ್ಚಿರುವ ಮನೆಗೆ ಬಸ್ಸೇ ಅಗ್ಗ. ಆಧಾರ್ ಕಾರ್ಡ್ ಮರೆಯಬೇಡಿ.

ಚಿಂಚೋಳಿಯ ಕಾಡು, ಚಂದ್ರಂಪಳ್ಳಿ ಕೆರೆ, ಗೊಟ್ಟಂಗೊಟ್ಟ, ಎತ್ತಿಪೋತ ಜಲಪಾತ ಇವೆಲ್ಲ ಮಳೆ ಮುಗಿದ ಮೇಲೆ ಚೆನ್ನ. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಕಾಡು ಅದು. ಹುಡುಗರನ್ನು ಜಲಪಾತದ ಅಂಚಿಗೆ ಬಿಡಬೇಡಿ, ಅಲ್ಲಿ ಕಾವಲಿಗೆ ಯಾರೂ ಇರುವುದಿಲ್ಲ. ವಿಜಯಪುರದ ಗೋಳಗುಮ್ಮಟಕ್ಕೆ ಎರಡು ದಿನ ಇಟ್ಟುಕೊಂಡರೆ ಆಲಮಟ್ಟಿಯ ತೋಟಗಳೂ ಆಗುತ್ತವೆ. ಇನ್ನು ಕಲಬುರಗಿಯ ಅಪ್ಪನ ಕೆರೆ, ವಿಜ್ಞಾನ ಕೇಂದ್ರ, ಬುದ್ಧ ವಿಹಾರಗಳಿಗೆ ಒಂದು ಭಾನುವಾರವೇ ಸಾಕು, ಅದಕ್ಕೆ ಸೂಟಿ ಕಾಯಬೇಕಿಲ್ಲ.

ಕೊನೆಗೆ ಒಂದು ದಾರಿ ಉಳಿಯಿತು, ದುಡ್ಡಿನ ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ಮೇಲು: ಶಾಲೆಯ ಪ್ರವಾಸ. ಡಿಸೆಂಬರ್ ಸುಮಾರಿಗೆ ಶಾಲೆಯಿಂದ ಒಪ್ಪಿಗೆ ಪತ್ರ ಮನೆಗೆ ಬರುತ್ತದೆ. ಗುಂಪಿನ ಟಿಕೆಟ್ಟಿಗೆ ದರ ಇಳಿಯುತ್ತದೆ, ಬಸ್ಸಿನ ಬಾಡಿಗೆ ಐವತ್ತು ಮಕ್ಕಳಿಗೆ ಹಂಚಿ ಹೋಗುತ್ತದೆ, ಹೋದವರೆಲ್ಲರೂ ಆಡುವವರೇ, ಅದೂ ತಮ್ಮ ಗೆಳೆಯರ ಜೊತೆ. ಎಷ್ಟೋ ಮನೆಗಳಲ್ಲಿ ‘ನಾವೇ ಮುಂದ ಕರ್ಕೊಂಡು ಹೋಗ್ತೀವಿ, ಸಾಲಿ ಟ್ರಿಪ್ ಬ್ಯಾಡ’ ಎಂದು ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ತಡೆಯುತ್ತಾರೆ. ಆ ‘ಮುಂದ’ ಬರುವುದೇ ಇಲ್ಲ. ತಡೆಯುವ ಬದಲು ಗುರುಗಳನ್ನು ನಾಲ್ಕು ಮಾತು ಕೇಳಿ: ರಾತ್ರಿ ಪ್ರಯಾಣ ಇದೆಯಾ, ಹುಡುಗಿಯರ ಜೊತೆ ಎಷ್ಟು ಮಂದಿ ಶಿಕ್ಷಕಿಯರು ಇರುತ್ತಾರೆ, ನೀರಿನ ಬಟ್ಟೆ ಮನೆಯಿಂದ ಕಳಿಸಬಹುದಾ, ತುರ್ತಿಗೆ ಯಾರ ನಂಬರಿಗೆ ಫೋನ್ ಮಾಡಬೇಕು. ಉತ್ತರ ಸರಿ ಅನ್ನಿಸಿದರೆ ಪತ್ರಕ್ಕೆ ಸಹಿ ಹಾಕಿ, ಕೈಖರ್ಚಿಗೆ ಮುನ್ನೂರು ರೂಪಾಯಿ ಕೊಟ್ಟು ಕಳಿಸಿ. ಉಳಿದ ದುಡ್ಡಿನಲ್ಲಿ ಜನವರಿಯಲ್ಲಿ ತೊಗರಿ ರಾಶಿ ಮುಗಿದ ಮೇಲೆ ಕ್ರೂಸರ್ ಹೇಳಿ, ಅಜ್ಜಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಸನ್ನತಿಗೆ ಹೊರಡಿ.